ದಲಾಲಿ ಅಂಗಡಿಯ 486ಕ್ಕೆ ನೆಟ್‌ವರ್ಕ್ ಕಾರ್ಡ್ ಕೂರಿಸುವ ಕ್ರಮ

ರಾಯಚೂರಿನಲ್ಲಿ ತೀನ್ ಕಂದೀಲಿನಿಂದ ನಡೆದುಹೋಗುವಷ್ಟು ದೂರದಲ್ಲಿದ್ದ ಒಂದು ಹತ್ತಿ ದಲಾಲಿ ಅಂಗಡಿಯ ಹಿಂಕೋಣೆಯಿಂದ ನನ್ನ ಮೇಜಿಗೆ ಬಂದ ಯಂತ್ರ 486 ಎಂಬ ಹಳೆಯ ಪ್ರೊಸೆಸರಿನ ಜಾತಿಯದು. ಅದರಲ್ಲಿ 8 ಎಂಬಿ ಮೆಮೊರಿ, 170 ಎಂಬಿ ಹಾರ್ಡ್ ಡಿಸ್ಕ್, ಡಾಸ್ 6.22 ಎಂಬ ಕಾರ್ಯಾಚರಣಾ ವ್ಯವಸ್ಥೆ ಮತ್ತು ಫಾಕ್ಸ್‌ಪ್ರೊ ಎಂಬ ದತ್ತಾಂಶ ತಂತ್ರಾಂಶದಲ್ಲಿ ಬರೆಸಿದ ಹಲವು ವರ್ಷಗಳ ಕಿರ್ದಿ ಖಾತೆಗಳಿದ್ದವು. ಯಂತ್ರ ಇನ್ನೂ ಓಡುತ್ತಿತ್ತು. ಮಾಲೀಕರಿಗೆ ಬೇಕಾಗಿದ್ದುದು ಆ ಲೆಕ್ಕಗಳು ಹೊರಗೆ ಬರುವುದಷ್ಟೇ. 1.44 ಎಂಬಿಯ ಫ್ಲಾಪಿಗಳಲ್ಲಿ ಸಾಗಿಸುವುದಾದರೆ ನೂರಕ್ಕೂ ಹೆಚ್ಚು ಫ್ಲಾಪಿ ಬೇಕು, ಮತ್ತು ಇಂದು ಸಿಗುವ ಹಳೆಯ ಫ್ಲಾಪಿಗಳಲ್ಲಿ ಹತ್ತಕ್ಕೆ ಎಷ್ಟು ಓದಿಸಿಕೊಳ್ಳುತ್ತವೆ ಎನ್ನುವುದು ಅವುಗಳನ್ನು ಇಟ್ಟ ಪೆಟ್ಟಿಗೆಯ ಅದೃಷ್ಟಕ್ಕೆ ಬಿಟ್ಟದ್ದು. ಒಂದು ನೆಟ್‌ವರ್ಕ್ ಕಾರ್ಡ್ ಕೂರಿಸಿದರೆ ಅದೇ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಹಾಗೆ ಕೂರಿಸುವ ಕ್ರಮವನ್ನು, ನಾನು ಎಡವಿದ ಜಾಗಗಳನ್ನೂ ಸೇರಿಸಿ, ಇಲ್ಲಿ ವಿವರಿಸುತ್ತೇನೆ.

ಮೊದಲೇ ಒಂದು ಮಾತು. ಇಲ್ಲಿ ಕಡತಗಳ ಮತ್ತು ಆಜ್ಞೆಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ; ಯಂತ್ರದ ಮುಂದೆ ಕುಳಿತಾಗ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಹೆಕ್ಸ್ ಸಂಖ್ಯೆಯನ್ನು (ಹದಿನಾರರ ಆಧಾರದ ಎಣಿಕೆಯದನ್ನು) ಕೊಡುವಾಗ ಅದರ ಮುಂದೆ ಒಂದು ಸೊನ್ನೆಯನ್ನೂ ಎಕ್ಸ್ ಅಕ್ಷರವನ್ನೂ ಅಂಟಿಸಿ ಬರೆಯಬೇಕು.

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅರ್ಥಿಂಗ್ ನೋಡಿರಿ. ನಮ್ಮ ಕಡೆಯ ಹಳೆಯ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ಪಿನ್ನಿಗೆ ತಂತಿ ಇರುವುದಿಲ್ಲ. ತಂತಿ ಇದ್ದರೂ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೋಗಿರುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಲೈನ್ ಮತ್ತು ನ್ಯೂಟ್ರಲ್ ಎರಡರಿಂದಲೂ ಪೆಟ್ಟಿಗೆಗೆ ಜೋಡಿಸಿದ ಸಣ್ಣ ಕೆಪಾಸಿಟರುಗಳಿರುವುದರಿಂದ, ಅರ್ಥ್ ಇಲ್ಲದಾಗ ಲೋಹದ ಕವಚವು ಮನೆಯ ವೋಲ್ಟೇಜಿನ ಸುಮಾರು ಅರ್ಧದಷ್ಟಕ್ಕೆ ತೇಲುತ್ತದೆ, ಮುಟ್ಟಿದವರಿಗೆ ಕೈ ಜುಮ್ಮೆನ್ನುತ್ತದೆ. ಹರಿಯುವ ಕರೆಂಟ್ ಅಲ್ಪವೇ ಆದರೂ, ಹೀಗೆ ತೇಲುತ್ತಿರುವ ಎರಡು ಯಂತ್ರಗಳನ್ನು ಕೇಬಲ್ಲಿನಿಂದ ಜೋಡಿಸುವಾಗ ಪೋರ್ಟುಗಳು ಸುಟ್ಟುಹೋಗುವ ಸಾಧ್ಯತೆ ಇದೆ. ಗುಂಡಿಗೆ ಎರಡು ಕೊಡ ನೀರು ಹಾಕಿಸಿ, ಟೆಸ್ಟರ್‌ನಿಂದ ಪರೀಕ್ಷಿಸಿದ ಮೇಲೆಯೇ ಮುಂದುವರಿಯುವುದು ಒಳ್ಳೆಯದು.

ಬಿಚ್ಚಿದ ಕೂಡಲೇ ಕಾಣುವುದು ಅರಳೆಯ ಧೂಳು. ಹತ್ತಿ ಅಂಗಡಿಯ ಯಂತ್ರದಲ್ಲಿ ಅದು ಫ್ಯಾನಿನ ಸುತ್ತ ಕಂಬಳಿಯಂತೆ ಕಟ್ಟಿರುತ್ತದೆ; ಒಣ ಬಣ್ಣದ ಬ್ರಷ್‌ನಿಂದ ಬಿಡಿಸಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರ್ ಹಿಡಿಯಬೇಕು. ಆಮೇಲೆ ಮದರ್‌ಬೋರ್ಡಿನ ಮೇಲೆ ಪೀಪಾಯಿ ಆಕಾರದ ಬ್ಯಾಟರಿ ಇದೆಯೇ ಎಂದು ನೋಡಿರಿ. 386 ಮತ್ತು 486 ಬೋರ್ಡುಗಳಲ್ಲಿ ಬೆಸುಗೆ ಹಾಕಿರುತ್ತಿದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಕೀಬೋರ್ಡ್ ಸಾಕೆಟ್ಟಿನ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಪುಡಿ ಕಂಡರೆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಸೋರಿದ ದ್ರವ ಕ್ಷಾರವಾದ್ದರಿಂದ ಹತ್ತಿಯ ಕಡ್ಡಿಗೆ ನಿಂಬೆಹಣ್ಣಿನ ರಸ ಅಥವಾ ವಿನೆಗರ್ ಹಚ್ಚಿ ಒರೆಸಿ, ಅನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯಬೇಕು. ಬ್ಯಾಟರಿ ಇಲ್ಲದೆಯೂ ಯಂತ್ರ ಏಳುತ್ತದೆ. ಆದರೆ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್ ಮತ್ತು ಸೆಕ್ಟರ್ ಸಂಖ್ಯೆಗಳನ್ನು ಪ್ರತಿ ಸಲವೂ ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಒಳ ಕಾರ್ಯಕ್ರಮಕ್ಕೆ ಹೇಳಬೇಕಾಗುತ್ತದೆ. ಆದ್ದರಿಂದ ಬ್ಯಾಟರಿಗೆ ಕೈ ಹಾಕುವ ಮುನ್ನವೇ ಅವುಗಳನ್ನು ಬರೆದಿಟ್ಟುಕೊಳ್ಳಿರಿ. ನಾನು ಒಮ್ಮೆ ಬರೆದಿಟ್ಟುಕೊಳ್ಳದೆ, ಡಿಸ್ಕಿನ ಮೇಲಿನ ಚೀಟಿ ಓದಲು ಅದನ್ನು ಪೂರ್ತಿ ಬಿಚ್ಚಬೇಕಾಯಿತು.

ಇನ್ನು ಕಾರ್ಡಿನ ಆಯ್ಕೆ. ಮದರ್‌ಬೋರ್ಡಿನಲ್ಲಿ ಕಪ್ಪು ಬಣ್ಣದ ಉದ್ದನೆಯ ಸ್ಲಾಟುಗಳಿದ್ದರೆ ಅವು ಐಎಸ್‌ಎ; ಗಿಡ್ಡನೆಯ ಬಿಳಿ ಸ್ಲಾಟುಗಳು ಪಿಸಿಐ. ಪೆಂಟಿಯಂ ಕಾಲದ ಯಂತ್ರದಲ್ಲಿ ಪಿಸಿಐ ಇದ್ದರೆ ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡನ್ನು ಹಾಕಿ ಬಿಡಬಹುದು: ವಿಳಾಸಗಳನ್ನು ಬಯೋಸ್ ತಾನೇ ಹಂಚುತ್ತದೆ, ಆರ್‌ಟಿಎಸ್‌ಪಿಕೆಟಿ ಎಂಬ ಡ್ರೈವರ್ ಅದಕ್ಕೆ ಇದೆ, ತಲೆನೋವು ಕಡಿಮೆ. 486 ಮತ್ತು ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಐಎಸ್‌ಎ ಕಾರ್ಡೇ ಬೇಕು. ಅದರಲ್ಲಿ ಎರಡು ಕುಲಗಳನ್ನು ಹುಡುಕುವುದು ಜಾಣತನ. ಒಂದು, ನೊವೆಲ್ ಕಂಪನಿಯ ಎನ್‌ಇ2000 ಕಾರ್ಡಿನ ವಿನ್ಯಾಸವನ್ನು ಅನುಸರಿಸಿದ ಲೆಕ್ಕವಿಲ್ಲದಷ್ಟು ಅಗ್ಗದ ಕಾರ್ಡುಗಳು. ಇವುಗಳ ಪೈಕಿ ರಿಯಲ್‌ಟೆಕ್ 8019ಎಎಸ್ ಚಿಪ್ಪಿನವು ಸುಲಭವಾಗಿ ಸಿಗುತ್ತವೆ. ಇನ್ನೊಂದು, ತ್ರೀಕಾಂ ಕಂಪನಿಯ 3ಸಿ509ಬಿ. ಇದು ಸ್ವಲ್ಪ ದುಬಾರಿಯಾದರೂ ಗಟ್ಟಿಯಾದ ಕಾರ್ಡ್. ರಾಯಚೂರಿನ ಗುಜರಿಯಲ್ಲಿ ಸಿಗದಿದ್ದರೆ ನಮಗೆ ಬೆಂಗಳೂರಿನ ಎಸ್‌ಪಿ ರಸ್ತೆಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಬೆಳಗಿನ ರೈಲಿಗೆ ಹೋಗಿ ಸಂಜೆಗೆ ಬರಬಹುದು.

ಕೊಳ್ಳುವಾಗ ಕಾರ್ಡಿನ ಹಿಂಬದಿಯ ಕಿಂಡಿಗಳನ್ನು ನೋಡಿರಿ. ಇಂದಿನ ಕೇಬಲ್ ಹೋಗುವ ಚೌಕನೆಯ ಆರ್‌ಜೆ45 ಕಿಂಡಿ ಇರಲೇಬೇಕು. ಬರೀ ಗುಂಡನೆಯ ಬಿಎನ್‌ಸಿ ಮೂತಿ ಇರುವ ಕಾರ್ಡ್ ಹಳೆಯ ಕೋಆಕ್ಸ್ ಜಾಲಕ್ಕೆ ಮಾಡಿದ್ದು. ಆ ಜಾಲಕ್ಕೆ ಎರಡೂ ತುದಿಗಳಲ್ಲಿ 50 ಓಮ್ ಟರ್ಮಿನೇಟರ್ ಬೇಕು, ಇಂದಿನ ನೆಟ್‌ವರ್ಕ್ ಸ್ವಿಚ್ಚಿಗೆ ಅದು ನೇರವಾಗಿ ಹೊಂದುವುದಿಲ್ಲ. ಎರಡೂ ಬಗೆಯ ಕಿಂಡಿಗಳಿರುವ ಕಾಂಬೊ ಕಾರ್ಡ್ ಸಿಕ್ಕರೆ ತೊಂದರೆಯಿಲ್ಲ. ಆದರೆ ಅದು ಹಿಂದೆ ಯಾವುದೋ ಕಚೇರಿಯಲ್ಲಿ ಬಿಎನ್‌ಸಿ ಮೇಲೆ ಓಡುತ್ತಿದ್ದಿರಬಹುದು, ಮತ್ತು ಆ ಹೊಂದಿಕೆ ಇನ್ನೂ ಅದರ ಚಿಪ್ಪಿನಲ್ಲಿ ಕುಳಿತಿರಬಹುದು ಎನ್ನುವುದನ್ನು ನೆನಪಿಡಬೇಕು.

ಈಗ ಕಾರ್ಡನ್ನು ಬದಿಗಿಟ್ಟು ಒಂದು ಹಾಳೆ ಮತ್ತು ಪೆನ್ನನ್ನು ತೆಗೆದುಕೊಳ್ಳಿರಿ. ಈ ಕೆಲಸದ ಅತ್ಯಂತ ಮುಖ್ಯ ಭಾಗ ಇದೇ ಎಂದು ನಾನು ತಿಳಿದಿದ್ದೇನೆ. ಇಂದಿನ ಯಂತ್ರಗಳಲ್ಲಿ ಯಾವ ಕಾರ್ಡಿಗೆ ಯಾವ ಜಾಗ ಎಂದು ತೀರ್ಮಾನಿಸುವ ಪಂಚಾಯಿತಿ ಒಳಗೇ ನಡೆಯುತ್ತದೆ. ಡಾಸ್ ಮತ್ತು ಐಎಸ್‌ಎ ಕಾಲದ ಯಂತ್ರದಲ್ಲಿ ಪಂಚರು ಯಾರೂ ಇಲ್ಲ. ಎರಡು ಕಾರ್ಡುಗಳು ಒಂದೇ ಜಾಗದಲ್ಲಿ ಕುಳಿತರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಎರಡೂ ಸುಮ್ಮನೆ ಕೆಟ್ಟಂತೆ ನಡೆದುಕೊಳ್ಳುತ್ತವೆ. ಆ ಹಂಚಿಕೆಯನ್ನು ನೀವೇ ಮಾಡಬೇಕು.

ಹಂಚಬೇಕಾದದ್ದು ಎರಡು ವಸ್ತು: ಐಆರ್‌ಕ್ಯೂ ಎಂಬ ಇಂಟರಪ್ಟ್ ಗೆರೆ ಮತ್ತು ಪ್ರೊಸೆಸರ್ ಕಾರ್ಡನ್ನು ಹುಡುಕಿ ಮಾತಾಡಿಸುವ ಐಒ ವಿಳಾಸ. ಕಾರ್ಡಿಗೆ ಪ್ಯಾಕೆಟ್ (ಜಾಲದಲ್ಲಿ ಸಾಗುವ ದತ್ತಾಂಶದ ತುಂಡು) ಬಂದಾಗ ಪ್ರೊಸೆಸರಿನ ಬಾಗಿಲು ತಟ್ಟಲು ಬಳಸುವ ಗೆರೆ ಐಆರ್‌ಕ್ಯೂ. ಒಟ್ಟು 16 ಗೆರೆಗಳಿವೆ ಎಂದರೂ ಹೆಚ್ಚಿನವು ಆಗಲೇ ಒಬ್ಬೊಬ್ಬರ ಪಾಲಾಗಿವೆ. 0 ಗಡಿಯಾರಕ್ಕೆ, 1 ಕೀಬೋರ್ಡಿಗೆ, 3 ಎರಡನೆಯ ಸೀರಿಯಲ್ ಪೋರ್ಟಿಗೆ, 4 ಮೊದಲನೆಯದಕ್ಕೆ, 6 ಫ್ಲಾಪಿಗೆ, 7 ಪ್ರಿಂಟರಿಗೆ, 8 ದಿನಾಂಕದ ಗಡಿಯಾರಕ್ಕೆ, 13 ಕೋಪ್ರೊಸೆಸರಿಗೆ, 14 ಹಾರ್ಡ್ ಡಿಸ್ಕಿಗೆ. ಪಿಎಸ್2 ಮೌಸ್ ಇದ್ದರೆ 12, ಎರಡನೆಯ ಐಡಿಇ ಇದ್ದರೆ 15 ಹೋಗುತ್ತವೆ. ಸೌಂಡ್ ಕಾರ್ಡ್ ಇದ್ದರೆ ಅದು ಸಾಮಾನ್ಯವಾಗಿ 5 ಅಥವಾ 7ನ್ನು ಹಿಡಿದಿರುತ್ತದೆ. 2ನೆಯ ಗೆರೆಯಂತೂ 8ರಿಂದ 15ರವರೆಗಿನ ಎರಡನೆಯ ಗುಂಪನ್ನು ಮೊದಲ ಗುಂಪಿಗೆ ಕಟ್ಟುವ ಹಗ್ಗವಾಗಿ ಬಳಕೆಯಾಗುತ್ತದೆ. ಉಳಿಯುವ ನೆಮ್ಮದಿಯ ಜಾಗ 10 ಮತ್ತು 11. ನಾನು ಯಾವಾಗಲೂ 10ನ್ನೇ ಮೊದಲು ನೋಡುತ್ತೇನೆ. ಎನ್‌ಇ2000 ಕಾರ್ಡುಗಳು ಕಾರ್ಖಾನೆಯಿಂದ 3ನ್ನು ಹಿಡಿದು ಬರುತ್ತವೆ. ಎರಡನೆಯ ಸೀರಿಯಲ್ ಪೋರ್ಟನ್ನು ಮುಚ್ಚಿಸದೆ ಅದನ್ನು ಹಾಗೆಯೇ ಬಿಟ್ಟರೆ ಜಗಳ ಖಚಿತ. ಇನ್ನೊಂದು ಸೂಕ್ಷ್ಮವಿದೆ: 10, 11 ಮುಂತಾದ ಗೆರೆಗಳು ಐಎಸ್‌ಎ ಸ್ಲಾಟಿನ ಎರಡನೆಯ, ಗಿಡ್ಡ ತುಂಡಿನಲ್ಲಿವೆ. ಪಿಸಿ ಎಕ್ಸ್‌ಟಿಯಂಥ 8 ಬಿಟ್ ಯಂತ್ರಗಳ ಸ್ಲಾಟಿಗೆ ಆ ತುಂಡೇ ಇಲ್ಲವಾದ್ದರಿಂದ ಅಲ್ಲಿ ಅವನ್ನು ಆರಿಸಿದರೆ ಕಾರ್ಡ್ ತಟ್ಟುವ ಬಾಗಿಲೇ ಇರುವುದಿಲ್ಲ.

ಐಒ ವಿಳಾಸದಲ್ಲಿ ಜನ ಎಡವುವುದು ಅದರ ಅಗಲವನ್ನು ಮರೆತು. ಎನ್‌ಇ2000 ಕಾರ್ಡ್ ಒಂದೇ ವಿಳಾಸದಲ್ಲಿ ಕೂರುವುದಿಲ್ಲ. ಆರಂಭದಿಂದ 32 ಸ್ಥಾನಗಳನ್ನು ಹರಡಿಕೊಂಡು ಕೂರುತ್ತದೆ. ಹೆಕ್ಸ್ 300 ಎಂದು ಕೊಟ್ಟರೆ 300ರಿಂದ 31ಎಫ್‌ವರೆಗೂ ಅದರದೇ ಜಾಗ. ಈ ಜಾಗವನ್ನು ಐಬಿಎಂ ಪ್ರಯೋಗದ ಕಾರ್ಡುಗಳಿಗೆಂದು ಮೊದಲಿನಿಂದಲೂ ಖಾಲಿ ಬಿಟ್ಟಿತ್ತು, ಆದ್ದರಿಂದ ಇಂದಿಗೂ 300 ಅತ್ಯಂತ ಸುರಕ್ಷಿತ ಆಯ್ಕೆ. 320 ಎಂದು ಕೊಟ್ಟರೆ 33ಎಫ್‌ವರೆಗೆ ಹರಡುತ್ತದೆ, ಆಗ 330ರಲ್ಲಿರುವ ಸಂಗೀತದ ಮಿಡಿ ಪೋರ್ಟಿಗೆ ತಾಗುತ್ತದೆ; ಎಕ್ಸ್‌ಟಿಯಲ್ಲಾದರೆ 320 ಹಾರ್ಡ್ ಡಿಸ್ಕ್ ಕಂಟ್ರೋಲರಿನ ವಿಳಾಸವೇ ಆಗಿದೆ. 360 ಎಂದು ಕೊಟ್ಟರೆ ಇನ್ನೂ ಕೆಟ್ಟದ್ದು: 37ಎಫ್‌ವರೆಗೆ ಚಾಚಿ, 378ರಲ್ಲಿರುವ ಪ್ರಿಂಟರ್ ಪೋರ್ಟನ್ನು ನುಂಗುತ್ತದೆ. ನೆಟ್‌ವರ್ಕ್ ಹಾಕಿದ ದಿನದಿಂದ ಬಿಲ್ ಮುದ್ರಣ ನಿಂತುಹೋಯಿತು ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದೇ. ಸೌಂಡ್ ಕಾರ್ಡ್ ಇದ್ದರೆ 220 ಅದರದು.

ನಮ್ಮ ಭಾಗದ ಹಳೆಯ ಯಂತ್ರಗಳಲ್ಲಿ ಇನ್ನೊಬ್ಬ ನಿವಾಸಿ ಇರುವ ಸಾಧ್ಯತೆ ಇದೆ. ಡಾಸ್ ಕಾಲದಲ್ಲಿ ಕನ್ನಡವನ್ನು ಪರದೆಯ ಮೇಲೆ ಮೂಡಿಸಲು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಹಾಕುತ್ತಿದ್ದರು. ಅದೂ ಐಎಸ್‌ಎ ಸ್ಲಾಟಿನಲ್ಲೇ ಕೂರುತ್ತದೆ. ಅದು ಕಂಡರೆ ಅದರ ಜಂಪರುಗಳು (ಪಿನ್ನುಗಳ ಮೇಲೆ ಕೂರಿಸುವ ಪುಟ್ಟ ಟೋಪಿಗಳು) ಯಾವ ಸ್ಥಾನದಲ್ಲಿವೆ ಎನ್ನುವುದನ್ನು ಫೋಟೊ ತೆಗೆದು, ಹಾಳೆಯಲ್ಲೂ ಬರೆದು, ಅದನ್ನು ಅಲುಗಾಡಿಸದೆ ಬಿಡಿರಿ. ಹೊಂದಿಕೊಳ್ಳಬೇಕಾದದ್ದು ಹೊಸದಾಗಿ ಬಂದ ಕಾರ್ಡು.

ಡಾಸ್ 6ರ ಜೊತೆಗೆ ಬರುವ ಎಂಎಸ್‌ಡಿ ಎಂಬ ತಪಾಸಣಾ ಕಾರ್ಯಕ್ರಮ ಐಆರ್‌ಕ್ಯೂಗಳ ಪಟ್ಟಿಯನ್ನು ತೋರಿಸುತ್ತದೆ. ಅದನ್ನು ನೋಡಿ, ಆದರೆ ಪೂರ್ತಿ ನಂಬಬೇಡಿರಿ. ಡ್ರೈವರ್ ಲೋಡ್ ಆಗದೆ ಸುಮ್ಮನಿರುವ ಕಾರ್ಡನ್ನು ಅದು ಕಾಣಲಾರದು. ಕಣ್ಣಿನಿಂದ ನೋಡಿ ಬರೆದ ಹಾಳೆಯೇ ಪ್ರಮಾಣ.

ಹಾಳೆ ಸಿದ್ಧವಾದ ಮೇಲೆ ಕಾರ್ಡನ್ನು ಕೂರಿಸಬಹುದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿರಿ. ನಮ್ಮ ಒಣ ಹವೆಯಲ್ಲಿ ಇದನ್ನು ಉಪಚಾರದ ಮಾತೆಂದು ತಳ್ಳಿಹಾಕಬಾರದು. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒರೆಸಿದರೆ ಅರ್ಧದಷ್ಟು ಭೂತಗಳು ಅಲ್ಲೇ ಓಡುತ್ತವೆ. ಎರಡೂ ತುದಿಗಳನ್ನು ಸಮನಾಗಿ ಒತ್ತಿ ಕೂರಿಸಿ ಸ್ಕ್ರೂ ಬಿಗಿಯಬೇಕು. ಸ್ಕ್ರೂ ಇಲ್ಲದ ಕಾರ್ಡ್ ಕೇಬಲ್ ಎಳೆದಾಗ ಮೇಲೇಳುತ್ತದೆ.

ಕಾರ್ಡಿನ ಮೇಲೆ ಜಂಪರುಗಳಿದ್ದರೆ ಹಾಳೆಯಲ್ಲಿ ನಿಗದಿಪಡಿಸಿದಂತೆ ಮೊದಲೇ ಇಡಿರಿ. ಜಂಪರಿಲ್ಲದ ಕಾರ್ಡುಗಳು ತಮ್ಮ ಹೊಂದಿಕೆಯನ್ನು ಒಂದು ಪುಟ್ಟ ಇಇಪ್ರಾಮ್ ಚಿಪ್ಪಿನಲ್ಲಿ ಇಟ್ಟುಕೊಂಡಿರುತ್ತವೆ. ಅದನ್ನು ಬದಲಿಸಲು ತಯಾರಕರದೇ ಕಾರ್ಯಕ್ರಮ ಬೇಕು. ರಿಯಲ್‌ಟೆಕ್ ಕಾರ್ಡಿಗೆ ಆರ್‌ಸೆಟ್8019, ತ್ರೀಕಾಂ ಕಾರ್ಡಿಗೆ 3ಸಿ5ಎಕ್ಸ್9ಸಿಎಫ್‌ಜಿ. ಈ ಕಾರ್ಯಕ್ರಮಗಳನ್ನು ಯಾವ ಡ್ರೈವರೂ ಇಲ್ಲದ ಬರಿಯ ಡಾಸ್‌ನಲ್ಲಿ ನಡೆಸಬೇಕು; ಯಂತ್ರ ಏಳುವಾಗ ಎಫ್5 ಕೀಲಿ ಒತ್ತಿದರೆ ಡಾಸ್ 6 ತನ್ನ ಆರಂಭದ ಕಡತಗಳನ್ನು ಬಿಟ್ಟು ಏಳುತ್ತದೆ. ಒಳಗೆ ಹೋಗಿ ಮಾಡಬೇಕಾದದ್ದು ಇಷ್ಟು. ಪ್ಲಗ್ ಅಂಡ್ ಪ್ಲೇ ರೀತಿಯನ್ನು ತೆಗೆದುಹಾಕಿ ಜಂಪರ್‌ಲೆಸ್ ರೀತಿಗೆ ತನ್ನಿರಿ, ಏಕೆಂದರೆ ಡಾಸ್‌ನಲ್ಲಿ ಆ ಪ್ಲಗ್‌ನೊಡನೆ ಆಟವಾಡಲು ಯಾರೂ ಇಲ್ಲ. ಐಒ 300, ಐಆರ್‌ಕ್ಯೂ 10 ಎಂದು ಕೊಡಿರಿ. ಜಾಲದಿಂದಲೇ ಯಂತ್ರವನ್ನು ಎಬ್ಬಿಸುವ ಬೂಟ್ ರೋಮ್ ಮುಚ್ಚಿರಿ. ಮಾಧ್ಯಮವನ್ನು ಟ್ವಿಸ್ಟೆಡ್ ಪೇರ್ ಎಂದು ನಿಗದಿಪಡಿಸಿರಿ. ಕಾಂಬೊ ಕಾರ್ಡಿನ ಬಿಎನ್‌ಸಿ ನೆನಪು ಅಳಿಯುವುದು ಇಲ್ಲೇ. ಏಕಕಾಲಕ್ಕೆ ಕಳಿಸಿ ಪಡೆಯುವ ಫುಲ್ ಡ್ಯೂಪ್ಲೆಕ್ಸ್ ಎಂಬ ಆಮಿಷ ಕಂಡರೆ ಆರಿಸಬೇಡಿರಿ. ಈ ಕಾರ್ಡುಗಳಿಗೆ ಎದುರಿನ ಸ್ವಿಚ್ಚಿನೊಂದಿಗೆ ಮಾತುಕತೆ ನಡೆಸಿ ಒಪ್ಪಂದಕ್ಕೆ ಬರುವ ವಿದ್ಯೆ ಗೊತ್ತಿಲ್ಲ. ಮಾತಾಡದ ಕಾರ್ಡನ್ನು ಸ್ವಿಚ್ ಹಾಫ್ ಡ್ಯೂಪ್ಲೆಕ್ಸ್, ಅಂದರೆ ಸರದಿಯಂತೆ ಮಾತಾಡುವಂಥದು, ಎಂದೇ ಎಣಿಸುತ್ತದೆ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್ ಆದರೆ ಪಿಂಗ್ ಎಂಬ ಪುಟ್ಟ ಪರೀಕ್ಷಾ ಕರೆ ಹೋಗುತ್ತದೆ, ದೊಡ್ಡ ಕಡತ ಮಾತ್ರ ತೆವಳುತ್ತದೆ.

ಕೇಬಲ್ಲಿನ ವಿಷಯ ಸುಲಭ. ಮನೆಯ ರೌಟರಿಗೆ ಹಾಕುವ ಸಾಮಾನ್ಯ ಕ್ಯಾಟ್ 5 ಕೇಬಲ್ಲೇ ಸಾಕು. ಈ ಕಾರ್ಡುಗಳ ವೇಗ ಸೆಕೆಂಡಿಗೆ 10 ಮೆಗಾಬಿಟ್ ಮಾತ್ರ. 10/100 ಅಥವಾ 10/100/1000 ಎಂದು ಬರೆದ ಸ್ವಿಚ್ಚುಗಳು ಅದನ್ನು ಒಪ್ಪಿಕೊಳ್ಳುತ್ತವೆ, ಆದರೆ 2.5 ಗಿಗಾಬಿಟ್‌ನ ಕೆಲವು ಹೊಸ ಸ್ವಿಚ್ಚುಗಳು 10ಕ್ಕೆ ಇಳಿಯುವುದೇ ಇಲ್ಲ. ದೀಪ ಹತ್ತದಿದ್ದರೆ ನಡುವೆ ಒಂದು ಅಗ್ಗದ 10/100 ಸ್ವಿಚ್ ಇಟ್ಟು ನೋಡಿರಿ. ಯಂತ್ರವಿರುವ ಕೋಣೆಗೆ ಕೇಬಲ್ ಎಳೆಯುವಂತಿಲ್ಲದಿದ್ದರೆ, ಕ್ಲೈಂಟ್ ಅಥವಾ ಬ್ರಿಜ್ ರೀತಿಯಲ್ಲಿ ಓಡುವ ಸಣ್ಣ ವೈಫೈ ರೌಟರನ್ನು ಅದರ ಪಕ್ಕದಲ್ಲಿಡಬಹುದು. ಇಂದಿನ ವೈಫೈ ಗುಪ್ತಪದದ ಲೆಕ್ಕವನ್ನೆಲ್ಲ ಆ ರೌಟರ್ ಹೊರುತ್ತದೆ, ಡಾಸ್‌ಗೆ ಕಾಣುವುದು ಒಂದು ತಂತಿ ಮಾತ್ರ. ಅಂಗಡಿಯಿಂದ ಬೇರೆ ಕಟ್ಟಡದ ಜಿನ್ನಿಂಗ್ ಮಿಲ್ಲಿಗೆ ತಾಮ್ರದ ಕೇಬಲ್ ಎಳೆಯುವ ಆಲೋಚನೆ ಬೇಡ. ಎರಡು ಕಟ್ಟಡಗಳ ಅರ್ಥ್ ಒಂದೇ ಮಟ್ಟದಲ್ಲಿರುವುದಿಲ್ಲ, ಮಳೆಗಾಲದ ಸಿಡಿಲು ಅದನ್ನು ಬೇಗ ಪತ್ತೆಹಚ್ಚುತ್ತದೆ.

ಮುಂದಿನ ಪ್ರಶ್ನೆ ಬೀಜ ಮೊದಲೋ ಮರ ಮೊದಲೋ ಎನ್ನುವಂಥದು: ನೆಟ್‌ವರ್ಕ್ ಇಲ್ಲದ ಯಂತ್ರಕ್ಕೆ ನೆಟ್‌ವರ್ಕಿನ ಕಡತಗಳನ್ನು ಮುಟ್ಟಿಸುವುದು ಹೇಗೆ? ಫ್ಲಾಪಿ ಡ್ರೈವ್ ಸರಿಯಾಗಿದ್ದರೆ ಒಂದೇ ಒಂದು ಒಳ್ಳೆಯ ಫ್ಲಾಪಿ ಸಾಕು, ಇಂದಿನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಫ್ಲಾಪಿ ಡ್ರೈವ್ ಚುಚ್ಚಿ ಬರೆಯಬಹುದು. ಡ್ರೈವ್ ಸತ್ತಿದ್ದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಐಡಿಇ ಅಡಾಪ್ಟರಿನ ಮೂಲಕ ಎರಡನೆಯ ಡಿಸ್ಕಾಗಿ ಜೋಡಿಸಬಹುದು. ಪಕ್ಕದಲ್ಲಿ ಇನ್ನೊಂದು ಡಾಸ್ ಯಂತ್ರವಿದ್ದರೆ ಸೀರಿಯಲ್ ಕೇಬಲ್ ಹಾಕಿ, ಡಾಸ್ 6ರಲ್ಲೇ ಇರುವ ಇಂಟರ್‌ಲಿಂಕ್ ಬಳಸಬಹುದು. ಮೇಲೆ ಹೇಳಿದ ಹೊಂದಿಕೆಯ ಕಾರ್ಯಕ್ರಮವನ್ನು ಬಿಟ್ಟರೆ ಬೇಕಾದ ಸರಕು ಎರಡೇ: ಕಾರ್ಡಿನ ಪ್ಯಾಕೆಟ್ ಡ್ರೈವರ್ ಮತ್ತು ಎಂಟಿಸಿಪಿ ಎಂಬ ಕಾರ್ಯಕ್ರಮಗಳ ಕಟ್ಟು.

ಪ್ಯಾಕೆಟ್ ಡ್ರೈವರ್ ಎಂದರೆ ಮೆಮೊರಿಯಲ್ಲಿ ಕೆಲವು ಕಿಲೋಬೈಟ್ ಜಾಗದಲ್ಲಿ ನೆಲೆಸಿ, ಕಾರ್ಡಿನ ಭಾಷೆಯನ್ನು ಎಲ್ಲ ಕಾರ್ಯಕ್ರಮಗಳಿಗೂ ತಿಳಿಯುವ ಒಂದೇ ಭಾಷೆಗೆ ತಿರುಗಿಸಿ ಕೊಡುವ ದುಭಾಷಿ. ಎಫ್‌ಟಿಪಿ ಸಾಫ್ಟ್‌ವೇರ್ ಎಂಬ ಕಂಪನಿ ಅದರ ನಿಯಮಗಳನ್ನು ರೂಪಿಸಿತು. ರಸೆಲ್ ನೆಲ್ಸನ್ ಅವರ ಕ್ರಿನ್‌ವರ್ ಸಂಗ್ರಹದಲ್ಲಿ ಆ ಕಾಲದ ಹೆಚ್ಚಿನ ಕಾರ್ಡುಗಳಿಗೂ ಡ್ರೈವರುಗಳಿವೆ. ಎನ್‌ಇ2000 ಕಾರ್ಡಿನ ಡ್ರೈವರಿಗೆ ಮೂರು ಸಂಖ್ಯೆಗಳನ್ನು ಈ ಅನುಕ್ರಮದಲ್ಲೇ ಕೊಡಬೇಕು: ಮೊದಲು ಸಾಫ್ಟ್‌ವೇರ್ ಇಂಟರಪ್ಟ್, ಆಮೇಲೆ ಐಆರ್‌ಕ್ಯೂ, ಕೊನೆಗೆ ಐಒ ವಿಳಾಸ. ನಮ್ಮ ಹಾಳೆಯ ಪ್ರಕಾರ ಅದು ಎನ್‌ಇ2000, ಹೆಕ್ಸ್ 60, 10, ಹೆಕ್ಸ್ 300 ಎಂದಾಗುತ್ತದೆ. ಮೊದಲ ಸಂಖ್ಯೆಗೂ ಐಆರ್‌ಕ್ಯೂಗೂ ಸಂಬಂಧವಿಲ್ಲ. ಅದು ಹೆಕ್ಸ್ 60ರಿಂದ 80ರ ನಡುವೆ ಕಾರ್ಯಕ್ರಮಗಳು ಡ್ರೈವರನ್ನು ಹುಡುಕಿ ಬರುವ ಬಾಗಿಲು ಸಂಖ್ಯೆ, 60 ರೂಢಿ. ತ್ರೀಕಾಂ ಕಾರ್ಡಿನ 3ಸಿ5ಎಕ್ಸ್9ಪಿಡಿ ಡ್ರೈವರಿಗೆ ಆ ಮೊದಲ ಸಂಖ್ಯೆಯೊಂದೇ ಸಾಕು, ಉಳಿದದ್ದನ್ನು ಅದು ಕಾರ್ಡನ್ನೇ ಕೇಳಿ ತಿಳಿದುಕೊಳ್ಳುತ್ತದೆ.

ಇಲ್ಲಿ ನಾನು ಒಂದು ಸಂಜೆಯನ್ನೇ ಕಳೆದುಕೊಂಡೆ. ಕಾರ್ಡಿನ ಜೊತೆ ಬಂದ ಫ್ಲಾಪಿಯಲ್ಲಿ ಎನ್‌ಇ2000.ಕಾಮ್ ಎಂಬ ಕಡತ ಸಿಕ್ಕಿತೆಂದು ಹಿಗ್ಗಿ ಅದನ್ನೇ ಓಡಿಸಿದೆ, ಅದು ಎಲ್‌ಎಸ್‌ಎಲ್ ಎಂಬ ಇನ್ನೊಂದು ಕಾರ್ಯಕ್ರಮ ಇಲ್ಲವೆಂದು ದೂರುತ್ತಲೇ ಇತ್ತು. ವಿಷಯವೇನೆಂದರೆ ನೊವೆಲ್‌ನ ನೆಟ್‌ವೇರ್ ಜಾಲಕ್ಕಾಗಿ ಮಾಡಿದ ಒಡಿಐ ಡ್ರೈವರಿನ ಹೆಸರೂ ಎನ್‌ಇ2000.ಕಾಮ್, ಪ್ಯಾಕೆಟ್ ಡ್ರೈವರಿನ ಹೆಸರೂ ಅದೇ. ಹೆಸರು ಒಂದೇ, ಕುಲ ಬೇರೆ. ಫ್ಲಾಪಿಯಲ್ಲಿ ಪಿಕೆಟಿಡಿಆರ್‌ವಿಆರ್ ಎಂಬಂಥ ಹೆಸರಿನ ಉಪಕೋಶವಿದ್ದರೆ ಅದರೊಳಗಿನದನ್ನೇ ತೆಗೆದುಕೊಳ್ಳಿರಿ.

ಡ್ರೈವರ್ ಸರಿಯಾಗಿ ಕುಳಿತರೆ ಕಾರ್ಡಿನ ಆರು ಜೋಡಿ ಅಂಕಾಕ್ಷರಗಳ ಎಥರ್‌ನೆಟ್ ವಿಳಾಸವನ್ನು ಪರದೆಯ ಮೇಲೆ ಬರೆಯುತ್ತದೆ. ಅದನ್ನು ಓದಿ. ಆರೂ ಜೋಡಿಗಳಲ್ಲಿ ಎಫ್‌ಎಫ್ ಎಂದೇ ಕಂಡರೆ, ಅಥವಾ ಕಾರ್ಡೇ ಸಿಗಲಿಲ್ಲ ಎಂದರೆ, ಐಒ ವಿಳಾಸ ತಪ್ಪಿದೆ: ಡ್ರೈವರ್ ಖಾಲಿ ನಿವೇಶನಕ್ಕೆ ಹೋಗಿ ಬಾಗಿಲು ತಟ್ಟುತ್ತಿದೆ. ವಿಳಾಸ ಸರಿಯಾಗಿ ಕಂಡಿತೆಂದರೆ ಐಒ ಸರಿ ಎಂದು ಮಾತ್ರ ಗೊತ್ತಾಯಿತು. ಐಆರ್‌ಕ್ಯೂ ಬಗ್ಗೆ ಇನ್ನೂ ಏನೂ ತಿಳಿದಿಲ್ಲ. ವಿಳಾಸ ಓದಲು ಇಂಟರಪ್ಟ್ ಬೇಕಾಗುವುದಿಲ್ಲ, ಪ್ಯಾಕೆಟ್ ಬರಮಾಡಿಕೊಳ್ಳಲು ಬೇಕು. ಎಥರ್‌ನೆಟ್ ವಿಳಾಸ ಕಾಣುತ್ತದೆ, ಸ್ವಿಚ್ಚಿನಲ್ಲಿ ದೀಪ ಹತ್ತಿದೆ, ಆದರೂ ಒಳಗೆ ಏನೂ ಬರುವುದಿಲ್ಲ ಎಂಬ ಲಕ್ಷಣ ಕಂಡಾಗಲೆಲ್ಲ ನನ್ನ ಕೈ ನೇರವಾಗಿ ಐಆರ್‌ಕ್ಯೂ ಕಡೆಗೆ ಹೋಗುತ್ತದೆ, ಮತ್ತು ಹೆಚ್ಚಿನ ಸಲ ಅಲ್ಲೇ ತಪ್ಪು ಸಿಗುತ್ತದೆ. ಡ್ರೈವರನ್ನು ಬೇರೆ ಸಂಖ್ಯೆಯೊಂದಿಗೆ ಮತ್ತೆ ಹಾಕುವ ಮೊದಲು ಕ್ರಿನ್‌ವರ್ ಸಂಗ್ರಹದ ಟರ್ಮಿನ್ ಎಂಬ ಆಜ್ಞೆಯಿಂದ ಹಳೆಯದನ್ನು ಇಳಿಸಬೇಕು, ಇಲ್ಲವೇ ಯಂತ್ರವನ್ನು ಮರಳಿ ಎಬ್ಬಿಸಬೇಕು.

ಇನ್ನು ಎಂಟಿಸಿಪಿ. ಮೈಕೆಲ್ ಬ್ರಟ್‌ಮನ್ ಅವರು ಬರೆದು ಉಚಿತವಾಗಿ ಕೊಟ್ಟಿರುವ ಈ ಕಟ್ಟಿನಲ್ಲಿ ರೌಟರಿನಿಂದ ವಿಳಾಸ ಪಡೆಯುವ ಡಿಎಚ್‌ಸಿಪಿ, ಪಿಂಗ್, ಕಡತ ಸಾಗಿಸುವ ಎಫ್‌ಟಿಪಿ, ದೂರದ ಯಂತ್ರವನ್ನು ಹೊಗುವ ಟೆಲ್ನೆಟ್, ಗಡಿಯಾರ ಸರಿಪಡಿಸುವ ಎಸ್‌ಎನ್‌ಟಿಪಿ ಮುಂತಾದವು ಇವೆ. 8088 ಪ್ರೊಸೆಸರಿನ ಯಂತ್ರದಲ್ಲೂ ಓಡುತ್ತವೆ. ಅವುಗಳನ್ನು ಸಿ ಡ್ರೈವಿನ ಎಂಟಿಸಿಪಿ ಎಂಬ ಕೋಶದಲ್ಲಿ ಹಾಕಿ, ಅಲ್ಲೇ ಟಿಸಿಪಿ.ಸಿಎಫ್‌ಜಿ ಎಂಬ ಪಠ್ಯ ಕಡತವನ್ನು ಎಡಿಟ್ ಕಾರ್ಯಕ್ರಮದಲ್ಲಿ ಬರೆಯಿರಿ. ಎರಡು ಸಾಲು ಸಾಕು: ಪ್ಯಾಕೆಟ್‌ಇಂಟ್ ಎಂಬ ಪದದ ಮುಂದೆ ಹೆಕ್ಸ್ 60, ಹೋಸ್ಟ್‌ನೇಮ್ ಎಂಬ ಪದದ ಮುಂದೆ ಯಂತ್ರಕ್ಕೆ ನಿಮಗಿಷ್ಟವಾದ ಹೆಸರು. ಆಮೇಲೆ ಎಂಟಿಸಿಪಿಸಿಎಫ್‌ಜಿ ಎಂಬ ಏಳಕ್ಷರದ ಪರಿಸರ ಚರಕ್ಕೆ ಆ ಕಡತದ ಪೂರ್ಣ ದಾರಿಯನ್ನು ಸೆಟ್ ಆಜ್ಞೆಯಿಂದ ಕೊಡಬೇಕು. ಸಮ ಚಿಹ್ನೆಯ ಆಚೀಚೆ ಖಾಲಿ ಬಿಡಬಾರದು. ಬಿಟ್ಟರೆ ಡಾಸ್ ಆ ಖಾಲಿಯನ್ನೂ ಹೆಸರಿನ ಅಥವಾ ದಾರಿಯ ಭಾಗವೆಂದೇ ತಿಳಿಯುತ್ತದೆ. ಟಿಝಡ್ ಎಂಬ ಇನ್ನೊಂದು ಚರಕ್ಕೆ ಐಎಸ್‌ಟಿ-5:30 ಎಂದು ಕೊಟ್ಟರೆ ಎಸ್‌ಎನ್‌ಟಿಪಿ ನಮ್ಮ ಸಮಯವನ್ನು ಸರಿಯಾಗಿ ಇಡುತ್ತದೆ. ಗ್ರೀನಿಚ್‌ಗಿಂತ ನಾವು ಮುಂದಿದ್ದರೂ ಇಲ್ಲಿ ಋಣ ಚಿಹ್ನೆಯೇ ಸರಿ.

ಈಗ ಡಿಎಚ್‌ಸಿಪಿ ಓಡಿಸಿರಿ. ರೌಟರ್ ಒಂದು ಐಪಿ ವಿಳಾಸವನ್ನು ಕೊಟ್ಟರೆ ಅದು ಅದೇ ಟಿಸಿಪಿ.ಸಿಎಫ್‌ಜಿ ಕಡತದ ಕೊನೆಗೆ ಸೇರಿಕೊಳ್ಳುತ್ತದೆ. ಅನಂತರ ರೌಟರಿನ ವಿಳಾಸಕ್ಕೆ ಪಿಂಗ್ ಮಾಡಿ ಉತ್ತರ ನೋಡಿರಿ. ಲ್ಯಾಪ್‌ಟಾಪಿನಿಂದ ಡಾಸ್ ಯಂತ್ರವನ್ನು ಪಿಂಗ್ ಮಾಡಿ ಉತ್ತರವಿಲ್ಲವೆಂದು ಹೊಸಬರು ಕಂಗಾಲಾಗುವುದುಂಟು. ಎಂಟಿಸಿಪಿಯಲ್ಲಿ ಟಿಸಿಪಿ ಐಪಿ ವ್ಯವಸ್ಥೆ ಆಯಾ ಕಾರ್ಯಕ್ರಮದ ಒಳಗೇ ಇದೆ. ಕಾರ್ಯಕ್ರಮ ಮುಗಿದು ಸಿ ಪ್ರಾಂಪ್ಟ್ ಬಂದ ಕೂಡಲೇ ಯಂತ್ರ ಮತ್ತೆ ಕಿವುಡು. ಅದು ಕೆಟ್ಟದ್ದರ ಲಕ್ಷಣವಲ್ಲ. ಇದೇ ಕಾರಣಕ್ಕೆ ವಿಳಾಸದ ಗುತ್ತಿಗೆಯನ್ನು ಹಿಂಬದಿಯಲ್ಲಿ ಯಾರೂ ನವೀಕರಿಸುವುದಿಲ್ಲ, ಆದ್ದರಿಂದ ರೌಟರಿನಲ್ಲಿ ಈ ಕಾರ್ಡಿನ ಎಥರ್‌ನೆಟ್ ವಿಳಾಸಕ್ಕೆ ಒಂದು ಐಪಿಯನ್ನು ಕಾದಿರಿಸುವುದು ಉತ್ತಮ.

ಎಲ್ಲವೂ ಸರಿ ಎಂದಾದ ಮೇಲೆ ಈ ಸಾಲುಗಳನ್ನು ಆಟೊಎಕ್ಸೆಕ್.ಬ್ಯಾಟ್ ಕಡತಕ್ಕೆ ಸೇರಿಸಬಹುದು, ಆದರೆ ನೇರವಾಗಿ ಸೇರಿಸಬೇಡಿರಿ. ಹಳೆಯ ಲೆಕ್ಕದ ಕಾರ್ಯಕ್ರಮಗಳು 640 ಕೆಬಿಯೊಳಗಿನ ಪ್ರತಿ ಕಿಲೋಬೈಟನ್ನೂ ಎಣಿಸುತ್ತವೆ. ಡಾಸ್ 6ರ ಕಾನ್ಫಿಗ್.ಸಿಸ್‌ನಲ್ಲಿ ಮೆನು ಬರೆಯುವ ಅನುಕೂಲವಿದೆ: ಯಂತ್ರ ಏಳುವಾಗ ನೆಟ್‌ವರ್ಕ್ ಬೇಕೇ ಬೇಡವೇ ಎಂದು ಕೇಳಿ, ಉತ್ತರವನ್ನು ಕಾನ್ಫಿಗ್ ಎಂಬ ಚರದಲ್ಲಿ ಇಟ್ಟು, ಆಟೊಎಕ್ಸೆಕ್.ಬ್ಯಾಟ್‌ನಲ್ಲಿ ಗೋಟು ಆಜ್ಞೆಯಿಂದ ದಾರಿ ಬೇರೆ ಮಾಡಬಹುದು. ಎಚ್ಚರಿಕೆಗೆ ಮೂಲ ಕಡತಗಳೆರಡರ ಪ್ರತಿ ಮಾಡಿಡಿರಿ.

ಕಡತಗಳನ್ನು ಹೊರತೆಗೆಯಲು ಎರಡು ದಾರಿಗಳಿವೆ. ಲ್ಯಾಪ್‌ಟಾಪಿನಲ್ಲಿ ಎಫ್‌ಟಿಪಿ ಸರ್ವರ್ ನಡೆಸಿ ಡಾಸ್ ಕಡೆಯಿಂದ ತಳ್ಳಬಹುದು, ಅಥವಾ ಡಾಸ್‌ನಲ್ಲೇ ಎಂಟಿಸಿಪಿಯ ಎಫ್‌ಟಿಪಿಎಸ್‌ಆರ್‌ವಿ ನಡೆಸಿ ಲ್ಯಾಪ್‌ಟಾಪಿನಿಂದ ಎಳೆಯಬಹುದು. ಎರಡನೆಯದು ನನಗೆ ಹಿಡಿಸಿತು, ಏಕೆಂದರೆ ಇಡೀ ಕೋಶಗಳನ್ನು ಒಮ್ಮೆಗೇ ಎಳೆಯಬಹುದು. ಅದಕ್ಕೆ ಬಳಕೆದಾರರ ಹೆಸರು, ಗುಪ್ತಪದಗಳಿರುವ ಒಂದು ಪುಟ್ಟ ಕಡತ ಬೇಕು, ಅದರ ಮಾದರಿ ಕಟ್ಟಿನಲ್ಲೇ ಇದೆ. ಕ್ರೋಮ್, ಫೈರ್‌ಫಾಕ್ಸ್‌ಗಳು 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟಿವೆ. ಫೈಲ್‌ಜಿಲ್ಲಾ ಬಳಸಿ, ಏಕಕಾಲದ ಸಂಪರ್ಕಗಳನ್ನು 1ಕ್ಕೆ ಮಿತಿಗೊಳಿಸಿರಿ. ವರ್ಗಾವಣೆಯ ರೀತಿ ಬೈನರಿ ಎಂದೇ ಇರಬೇಕು. ಪಠ್ಯದ ರೀತಿಯಲ್ಲಿ ಕಳಿಸಿದರೆ ಸಾಲಿನ ಕೊನೆಯ ಗುರುತುಗಳನ್ನು ತಿದ್ದುವ ನೆಪದಲ್ಲಿ ದತ್ತಾಂಶವೇ ಹಾಳಾಗುತ್ತದೆ. ಎಫ್‌ಟಿಪಿಯಲ್ಲಿ ಗುಪ್ತಪದ ಬಯಲಾಗಿಯೇ ಹರಿಯುವುದರಿಂದ ಈ ಯಂತ್ರವನ್ನು ಒಳಜಾಲದಲ್ಲಷ್ಟೇ ಇಡಿರಿ, ರೌಟರಿನಿಂದ ಹೊರಗಿನ ಬಾಗಿಲು ತೆರೆಯಬೇಡಿರಿ. ಇಂದಿನ ಜಾಲತಾಣಗಳನ್ನು ಇದರಲ್ಲಿ ನೋಡುವ ಆಸೆಯೂ ಬೇಡ, ಅವುಗಳ ಗೂಢಲಿಪಿಯ ಲೆಕ್ಕ ಈ ಪ್ರೊಸೆಸರಿನ ಶಕ್ತಿಗೆ ಮೀರಿದ್ದು.

ಫಾಕ್ಸ್‌ಪ್ರೊ ಖಾತೆಗಳಾದರೆ ಡಿಬಿಎಫ್ ಕಡತದ ಜೊತೆಗೆ ಅದೇ ಹೆಸರಿನ ಎಫ್‌ಪಿಟಿ ಕಡತವಿದ್ದರೆ ಅದನ್ನೂ ತಪ್ಪದೆ ತನ್ನಿರಿ. ಉದ್ದನೆಯ ಟಿಪ್ಪಣಿಗಳು ಅದರಲ್ಲಿರುತ್ತವೆ. ಲ್ಯಾಪ್‌ಟಾಪಿಗೆ ಬಂದ ಡಿಬಿಎಫ್ ಕಡತವನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು, ಡಾಸ್‌ನ ಫಾಕ್ಸ್‌ಪ್ರೊ ತೋರಿಸುವ ದಾಖಲೆಗಳ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಅಳಿಸಿದೆವೆಂದು ತಿಳಿದ ದಾಖಲೆಗಳು ಪ್ಯಾಕ್ ಆಜ್ಞೆ ಕೊಡುವವರೆಗೆ ಕಡತದಲ್ಲೇ ಉಳಿದಿರುತ್ತವೆ, ಆದ್ದರಿಂದ ಎರಡು ಕಡೆಯ ಎಣಿಕೆಯಲ್ಲಿ ವ್ಯತ್ಯಾಸ ಕಂಡರೆ ಗಾಬರಿಯಾಗದೆ ಮೊದಲು ಅವುಗಳನ್ನು ಎಣಿಸಿರಿ. ಜಿಸ್ಟ್ ಕಾರ್ಡಿನ ಯಂತ್ರದಲ್ಲಿ ರೈತರ ಮತ್ತು ಊರುಗಳ ಹೆಸರುಗಳು ಕನ್ನಡದಲ್ಲಿದ್ದರೆ ಲ್ಯಾಪ್‌ಟಾಪಿನಲ್ಲಿ ಅವು ವಿಚಿತ್ರ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅವು ಕೆಟ್ಟಿಲ್ಲ; 1991ರ ಭಾರತೀಯ ಮಾನಕ ಐಎಸ್ 13194 ಹೇಳುವ ಇಸ್ಕಿ ಸಂಕೇತದಲ್ಲಿವೆ. ಯುನಿಕೋಡ್‌ನ ಕನ್ನಡ ವಿಭಾಗವೂ ಇಸ್ಕಿಯ ಅಕ್ಷರಕ್ರಮವನ್ನೇ ಅನುಸರಿಸಿ ರೂಪುಗೊಂಡದ್ದರಿಂದ ಪರಿವರ್ತನೆ ಬಹುಪಾಲು ಅಕ್ಷರಕ್ಕೆ ಅಕ್ಷರ ನಡೆಯುತ್ತದೆ. ಒಂದೇ ಸಂಕೇತದಿಂದ ಬೇರೆ ಬೇರೆ ಭಾರತೀಯ ಲಿಪಿಗಳನ್ನು ಮೂಡಿಸುವುದು ಇಸ್ಕಿಯ ಗುಣವಾದ್ದರಿಂದ, ಪರಿವರ್ತಿಸುವಾಗ ಲಿಪಿ ಕನ್ನಡ ಎಂದು ನಾವೇ ಹೇಳಬೇಕು. ನಾನು ಮೊದಲ ಸಲ ಅದನ್ನು ಹೇಳಲು ಮರೆತೆ, ಸಿಂಧನೂರು, ಮಾನ್ವಿ, ದೇವದುರ್ಗಗಳೆಲ್ಲ ದೇವನಾಗರಿಯಲ್ಲಿ ಇಳಿದು ಬಂದವು.